ಬರಿದಾದ ಕಣಿವೆಗಳಲ್ಲಿ ಒಂದು ಹಗಲು

ಬ್ರಿಟನ್ನಿನ ಅತಿ ಎತ್ತರದ ಬೆಟ್ಟ ಬೆನ್ ನೆವಿಸ್. ಅದರ ಎತ್ತರ 1,345 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ಸುಮಾರು ಆರುನೂರು ಮೀಟರ್ ಕಡಿಮೆ. ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್ ಎಂಬ ಇಡೀ ಮಲೆಸೀಮೆಯಲ್ಲಿ ಕುದುರೆಮುಖದ ಎತ್ತರ ಮುಟ್ಟುವ ಶಿಖರ ಒಂದೂ ಇಲ್ಲ. ಆದರೂ ಆ ಕಣಿವೆಗಳನ್ನು ಹೊಕ್ಕ ಮಲೆನಾಡಿನವರೂ ಕತ್ತೆತ್ತಿ ನಿಂತುಬಿಡುತ್ತಾರೆ. ನಮ್ಮ ಬೆಟ್ಟಗಳು ಏಳುವುದೇ ಏಳೆಂಟು ನೂರು ಮೀಟರ್ ಎತ್ತರದ ನೆಲದಿಂದ. ಅಲ್ಲಿಯವು ಕಡಲು ಒಳನುಗ್ಗಿದ ನೀರಿನ ಅಂಚಿನಿಂದಲೇ ನೆಟ್ಟಗೆ ಎದ್ದಿವೆ. ಮೇಲಾಗಿ ಅಲ್ಲಿ ಮರಗಳಿಲ್ಲ. ಬುಡದಿಂದ ನೆತ್ತಿಯ ತನಕ ಬೆಟ್ಟದ ಮೈ ಪೂರ್ತಿ ಕಣ್ಣಿಗೆ ಬೀಳುತ್ತದೆ. ಕಲ್ಲು, ಹುಲ್ಲು, ಜರಿ, ಆಗಸ್ಟಿನಲ್ಲಾದರೆ ನೇರಳೆ ಬಣ್ಣದ ಹೆದರ್ ಹೂವು.

ಮನೆಗಳೂ ಇಲ್ಲ. ಮೈಲಿಗಟ್ಟಲೆ ಹೋದರೂ ಒಂದು ಸೂರು, ಒಂದು ಹೊಗೆ, ಒಂದು ಬೇಲಿ ಕಾಣುವುದಿಲ್ಲ. ಹೈಲ್ಯಾಂಡ್ ಕೌನ್ಸಿಲ್ ಎಂಬ ಆಡಳಿತ ವಿಭಾಗದಲ್ಲಿ ಚದರ ಕಿಲೋಮೀಟರಿಗೆ ಸುಮಾರು ಒಂಬತ್ತು ಜನ. ಕರ್ನಾಟಕದಲ್ಲಿ, 2011ರ ಜನಗಣತಿಯ ಪ್ರಕಾರ, 319. ಪ್ರವಾಸದ ಜಾಹೀರಾತುಗಳು ಇದನ್ನು ಮನುಷ್ಯನ ಕೈ ಸೋಕದ ಪ್ರಕೃತಿ ಎಂದು ಮಾರುತ್ತವೆ. ನೋಡಲು ಹೋದವರೂ ಹಾಗೇ ನಂಬಿ, ಫೋಟೊ ತೆಗೆದುಕೊಂಡು ಹಿಂದಿರುಗುತ್ತಾರೆ. ಆ ನಂಬಿಕೆ ತಪ್ಪು. ಈ ಕಣಿವೆಗಳಲ್ಲಿ ಜನ ಇದ್ದರು, ಉತ್ತು ಬಿತ್ತಿದ್ದರು, ದನ ಕಟ್ಟಿದ್ದರು. ಅವರನ್ನು ಎಬ್ಬಿಸಿ ಕಳಿಸಲಾಯಿತು. ಈ ಸಂಗತಿ ಬೆಟ್ಟದ ಮೇಲೆ ಎಲ್ಲೂ ಬರೆದಿಲ್ಲ. ಬಾಯಿಬಿಟ್ಟು ಹೇಳುವವರೊಬ್ಬರು ಜೊತೆಗಿಲ್ಲದಿದ್ದರೆ ತಿಳಿಯುವುದೇ ಇಲ್ಲ. ಹದಿನಾರು ಜನರ ಸಣ್ಣ ಬಸ್ಸಿನಲ್ಲಿ, ಆ ನಾಡಿನದೇ ಮಾರ್ಗದರ್ಶಿಯ ಜೊತೆ ಮಾಡುವ ಒಂದು ದಿನದ ಪ್ರವಾಸವನ್ನು ನಾನು ಮೆಚ್ಚುವುದು ಇದೇ ಕಾರಣಕ್ಕೆ.

ಎಡಿನ್‌ಬರೊ ನಗರದ ಹಳೆಯ ಭಾಗದಿಂದ ಇಂಥ ಬಸ್ಸುಗಳು ಬೆಳಿಗ್ಗೆ ಎಂಟರ ಹೊತ್ತಿಗೆ ಹೊರಟು ರಾತ್ರಿ ಎಂಟರ ಸುಮಾರಿಗೆ ಮರಳುತ್ತವೆ. ನಡುವೆ ಐನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಬ್ರಿಟನ್ನಿನ ಕಾನೂನಿನಲ್ಲಿ ಹದಿನಾರು ಸೀಟಿನವರೆಗಿನದು ಮಿನಿಬಸ್ಸು, ಅದರಾಚೆಗೆ ದೊಡ್ಡ ಬಸ್ಸಿನ ಲೆಕ್ಕ. ಚಾಲಕನೇ ಮಾರ್ಗದರ್ಶಿ. ಕಿವಿಯ ಪಕ್ಕ ಸಿಕ್ಕಿಸಿಕೊಂಡ ಸಣ್ಣ ಮೈಕಿನಲ್ಲಿ ಮಾತಾಡುತ್ತಲೇ ಸ್ಟೇರಿಂಗ್ ತಿರುಗಿಸುತ್ತಾನೆ. ಐವತ್ತು ಜನರ ಬಸ್ಸು ನಿಗದಿಯಾದ ನಿಲ್ದಾಣದಲ್ಲಿ ಮಾತ್ರ ನಿಲ್ಲಬೇಕು. ಇಳಿಯಲು ಹತ್ತು ನಿಮಿಷ, ಹತ್ತಲು ಹತ್ತು ನಿಮಿಷ. ಸಣ್ಣ ಬಸ್ಸು ಒಂದು ವಾಹನವಷ್ಟೇ ಹಿಡಿಸುವ ಕವಲು ದಾರಿಗೂ ನುಗ್ಗುತ್ತದೆ, ಎದುರಿನವರಿಗೆ ದಾರಿ ಬಿಡಲು ಇರುವ ಅಗಲ ಜಾಗದಲ್ಲಿ ಸರಿದು ನಿಲ್ಲುತ್ತದೆ. ಮುಖ್ಯವಾಗಿ, ಹಿಂದಿನ ಸೀಟಿನವರು ಪ್ರಶ್ನೆ ಕೇಳಿದರೆ ಚಾಲಕನಿಗೆ ಕೇಳಿಸುತ್ತದೆ. ನಮ್ಮ ಮಾರ್ಗದರ್ಶಿ ಕಿಲ್ಟ್ ಎಂಬ ಅಲ್ಲಿಯ ಉಡುಪು ತೊಟ್ಟ ಐವತ್ತರ ಆಸುಪಾಸಿನ ವ್ಯಕ್ತಿ. ತಾಯಿಯ ಕಡೆಯವರು ಅಲ್ಲಿಯ ಹಳೆಯ ನುಡಿ ಗೇಲಿಕ್ ಮಾತಾಡುವ ದ್ವೀಪದವರಂತೆ. ಸಹಪ್ರಯಾಣಿಕರಲ್ಲಿ ಅರಸೀಕೆರೆ ಕಡೆಯ ತೆಂಗಿನ ತೋಟದ ಹಿರಿಯ ದಂಪತಿ ಇದ್ದರು, ಎಡಿನ್‌ಬರೊದಲ್ಲಿ ಕೆಲಸದಲ್ಲಿರುವ ಮಗಳನ್ನು ನೋಡಲು ಬಂದವರು. ಮಗಳು ರಜೆ ಸಿಗದೆ ಇಬ್ಬರನ್ನೇ ಬಸ್ಸು ಹತ್ತಿಸಿ ಹೋಗಿದ್ದಳು. ಅವರ ಪ್ರಶ್ನೆಗಳನ್ನು ಇಂಗ್ಲಿಷಿಗೆ ದಾಟಿಸುವ ಕೆಲಸ ನನ್ನ ಪಾಲಿಗೆ ಬಂತು. ಆ ಕೆಲಸ ಸಿಕ್ಕಿದ್ದು ನನ್ನ ಭಾಗ್ಯ.

ಜೊತೆಗಾರನನ್ನು ಹಿಡಿದು ಹೈಲ್ಯಾಂಡ್ಸ್ ನೋಡುವ ಪದ್ಧತಿ ಹಳೆಯದು. 1773ರಲ್ಲಿ ಲೇಖಕರಾದ ಡಾ. ಸ್ಯಾಮ್ಯುಯೆಲ್ ಜಾನ್ಸನ್ ಮತ್ತು ಜೇಮ್ಸ್ ಬಾಸ್ವೆಲ್ ಇನ್ವರ್ನೆಸ್ಸಿನಿಂದ ಕುದುರೆ ಏರಿ ಲಾಕ್ ನೆಸ್ ಸರೋವರದ ದಂಡೆ ಹಿಡಿದು ಹೊರಟಾಗ, ಪಕ್ಕದಲ್ಲಿ ಇಬ್ಬರು ಹೈಲ್ಯಾಂಡಿನ ಆಳುಗಳು ನಡೆದೇ ಬಂದಿದ್ದರು. ದಾರಿಯಲ್ಲಿ ಒಂದು ಮಣ್ಣಿನ ಗುಡಿಸಿಲು ಕಂಡು ಜಾನ್ಸನ್ ಒಳಗೆ ಹೋದ. ಮೇಕೆ ಸಾಕಿಕೊಂಡಿದ್ದ ಒಬ್ಬ ಮುದುಕಿ ಇದ್ದಳು. ಅವಳ ಮಾತು ಇವನಿಗೆ ತಿಳಿಯದು, ಇವನದು ಅವಳಿಗೆ ತಿಳಿಯದು. ಜೊತೆಗಾರರು ನಡುವೆ ನಿಂತರು. 1775ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಆ ಗುಡಿಸಿಲ ವಿವರ ಇವತ್ತಿಗೂ ಬೆಲೆಬಾಳುವ ಭಾಗ. ಆಮೇಲೆ 1810ರಲ್ಲಿ ವಾಲ್ಟರ್ ಸ್ಕಾಟ್ 'ದಿ ಲೇಡಿ ಆಫ್ ದಿ ಲೇಕ್' ಕಾವ್ಯ ಪ್ರಕಟಿಸಿದ. ಅದರಲ್ಲಿ ಬರುವ ಲಾಕ್ ಕ್ಯಾಟ್ರಿನ್ ಸರೋವರ ನೋಡಲು ಜನ ಹಿಂಡುಗಟ್ಟಿ ಬರತೊಡಗಿದರು. 1846ರಲ್ಲಿ ಪ್ರವಾಸ ಏರ್ಪಡಿಸುತ್ತಿದ್ದ ಥಾಮಸ್ ಕುಕ್ ನೂರಾರು ಜನರನ್ನು ಒಟ್ಟಿಗೇ ಸ್ಕಾಟ್ಲೆಂಡಿಗೆ ಕರೆತಂದ. ಹಿಂಡು ದೊಡ್ಡದಾದಂತೆ ಗುಡಿಸಿಲೊಳಗೆ ಇಣುಕುವ ಅವಕಾಶ ತಪ್ಪಿತು. ಅಷ್ಟರಲ್ಲಿ ಗುಡಿಸಿಲುಗಳೂ ಹೋಗಿದ್ದವು.

ಸ್ಟರ್ಲಿಂಗ್ ಕೋಟೆ ಬಲಕ್ಕೆ ಸರಿದು ಹೋಗುವವರೆಗೂ ಗೋಧಿ, ಬಾರ್ಲಿ ಹೊಲಗಳ ಸಮತಟ್ಟು. ಕ್ಯಾಲಂಡರ್ ಎಂಬ ಊರು ಬರುತ್ತಿದ್ದಂತೆ ಎದುರಿಗೆ ಬೆಟ್ಟದ ಗೋಡೆ. ಪಶ್ಚಿಮದ ಆರನ್ ದ್ವೀಪದಿಂದ ಪೂರ್ವದ ಸ್ಟೋನ್‌ಹೇವನ್ ತನಕ ಭೂಮಿಯಲ್ಲಿ ಒಂದು ಬಿರುಕಿನ ಗೆರೆ ಹಾದುಹೋಗಿದೆ. ಗೆರೆಯ ದಕ್ಷಿಣಕ್ಕೆ ತಗ್ಗುನಾಡು, ಉತ್ತರಕ್ಕೆ ಮಲೆನಾಡು. ಕ್ಯಾಲಂಡರ್ ಇರುವುದು ಆ ಗೆರೆಯ ಮೇಲೆಯೇ. ಊರು ದಾಟಿದ ಕೂಡಲೇ ರಸ್ತೆ ಲೆನಿ ಎಂಬ ಕಿರುಕಣಿವೆಯೊಳಗೆ ನುಗ್ಗುತ್ತದೆ. ಎಡಕ್ಕೆ ಹೊಳೆ ಬಂಡೆಗಳ ಮೇಲೆ ಬೀಳುವ ಸದ್ದು. ಹೆಚ್ಚಿನ ಬಸ್ಸುಗಳು ಇಲ್ಲಿ ಕಣ್ಣು ಮುಚ್ಚುವಷ್ಟು ಕೂದಲು ಬಿಟ್ಟ ಕೆಂಚು ದನಗಳನ್ನು ತೋರಿಸಿ ಮುಂದೆ ಹೋಗುತ್ತವೆ. ಕನ್ನಡಿಗರು ಮಾತ್ರ ಲೆನಿಯಲ್ಲಿ ಒಂದು ಗಳಿಗೆ ನಿಲ್ಲಬೇಕು.

ಈ ಲೆನಿ ಎಸ್ಟೇಟಿನ ಒಡೆಯನಾಗಿ, 1829ರಲ್ಲಿ ಇಲ್ಲಿಯೇ ತೀರಿಕೊಂಡವನು ಫ್ರಾನ್ಸಿಸ್ ಬುಕಾನನ್. ಎಡಿನ್‌ಬರೊದಲ್ಲಿ ವೈದ್ಯ ಓದಿ, ಗಿಡಮರಗಳ ಅಭ್ಯಾಸ ಮಾಡಿ, ಈಸ್ಟ್ ಇಂಡಿಯಾ ಕಂಪನಿಯ ನೌಕರಿ ಹಿಡಿದವನು. ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮದರಾಸಿನಿಂದ ಹೊರಟು ಮೈಸೂರು, ಮಲಬಾರ್, ಕನ್ನಡ ಜಿಲ್ಲೆಗಳನ್ನು ಸುತ್ತಿದ. ಬೆಂಗಳೂರು, ಶ್ರೀರಂಗಪಟ್ಟಣ, ಶಿರಾ, ಮಂಗಳೂರು, ಹೊನ್ನಾವರ, ಶಿರಸಿ, ಬನವಾಸಿ, ಇಕ್ಕೇರಿ, ನಗರ, ಹರಿಹರ, ಚಿತ್ರದುರ್ಗ... ಹೋದಲ್ಲೆಲ್ಲ ಮಣ್ಣು ಎಂಥದ್ದು, ಕೆರೆಯ ನೀರು ಎಷ್ಟು ದಿನ, ರಾಗಿಗೆ ಎಷ್ಟು ಬೀಜ, ಅಡಿಕೆಗೆ ಏನು ಗೊಬ್ಬರ, ಗೇಣಿ ಎಷ್ಟು, ಕೂಲಿ ಎಷ್ಟು ಎಂದು ಕೇಳಿ ಬರೆದುಕೊಂಡ. 1807ರಲ್ಲಿ ಮೂರು ಸಂಪುಟಗಳಾಗಿ ಹೊರಬಂದ ಆ ಬರಹ ಅಂದಿನ ಕರ್ನಾಟಕದ ಬೇಸಾಯದ ಬಗ್ಗೆ ನಮ್ಮ ಇತಿಹಾಸಕಾರರು ಇಂದಿಗೂ ತೆರೆಯುವ ಗ್ರಂಥ. ಕಂಪನಿಗೆ ತಾನು ಗೆದ್ದ ನಾಡಿನ ಆದಾಯ ತಿಳಿಯಬೇಕಿತ್ತು, ಅದಕ್ಕೇ ಕಳಿಸಿತು. ಆದರೂ ನನ್ನೂರಾದ ಸಾಗರದ ಸೀಮೆಯ ಅಡಿಕೆ ತೋಟಗಳ ಬಗ್ಗೆ ಇನ್ನೂರು ವರ್ಷದ ಹಿಂದೆ ಅಷ್ಟು ತಾಳ್ಮೆಯಿಂದ ಬರೆದವನ ಹೊಳೆ ಇದು ಎಂದು ಗೊತ್ತಿದ್ದು ಆ ನೀರನ್ನು ನೋಡುವುದೇ ಬೇರೆ. ಮಾರ್ಗದರ್ಶಿಗೆ ಈ ಬುಕಾನನ್ ಹೆಸರು ಹೊಸದು. ಅವನು ಮುಂದಿನ ನಿಲುಗಡೆಯಲ್ಲಿ ಜೇಬಿನ ಪುಸ್ತಕ ತೆಗೆದು ಕಾಗುಣಿತ ಕೇಳಿ ಬರೆದುಕೊಂಡ.

ಲಾಕ್ ಲುಬ್ನೇಗ್ ಸರೋವರ, ಗ್ಲೆನ್ ಓಗ್ಲ್ ಏರು, ಕ್ರಿಯನ್‌ಲಾರಿಕ್, ಟೈಂಡ್ರಮ್ ಎಲ್ಲ ಬೇಗ ಬೇಗ ಸರಿದವು. ಚಹಾಕ್ಕೆ ನಿಂತು ಮತ್ತೆ ಹೊರಟ ಮೇಲೆ ಮೋಡ ಸ್ವಲ್ಪ ಹರಿದು ಓರೆ ಬಿಸಿಲು ಬಿತ್ತು. ಅರಸೀಕೆರೆಯ ಹಿರಿಯರು ಕಿಟಕಿಗೆ ಮುಖ ಒತ್ತಿ ಕೂತಿದ್ದವರು ನನ್ನ ಭುಜ ತಟ್ಟಿದರು.

"ಸಾರ್, ಅಲ್ಲಿ ನೋಡಿ. ಆ ಇಳಿಜಾರಲ್ಲಿ ಸಾಲು ಕಾಣ್ತವೆ."

ಹಸಿರು ಹುಲ್ಲಿನ ಕೆಳಗೆ ಒಂದರ ಪಕ್ಕ ಒಂದು ಉಬ್ಬು ಗೆರೆಗಳು. ಬಿಸಿಲು ಓರೆಯಾಗಿದ್ದರಿಂದ ಮಾತ್ರ ನೆರಳು ಬಿದ್ದು ಕಾಣುತ್ತಿದ್ದವು.

"ಯಾರೋ ಉತ್ತವ್ರೆ ಇಲ್ಲಿ. ಇಷ್ಟು ನೀರಿದೆ, ಮಳೆ ಇದೆ. ಈಗ್ಯಾಕೆ ಯಾರೂ ಇಲ್ಲ? ಕೇಳಿ ಸ್ವಲ್ಪ."

ನಾನು ಕೇಳಿದೆ. ಮಾರ್ಗದರ್ಶಿ ಕನ್ನಡಿಯಲ್ಲಿ ಅವರನ್ನೊಮ್ಮೆ ನೋಡಿದ. ರಸ್ತೆ ಬದಿಗೆ ಜಾಗ ಸಿಕ್ಕಿದ ಕೂಡಲೇ ನಿಲ್ಲಿಸಿ, ಇಳಿದು, ಅವರ ಕೈ ಕುಲುಕಿದ. ಅವು ಹಳೆಯ ಏರಿಗಳು. ತೆಳು ಮಣ್ಣನ್ನು ಕೆರೆದು ರಾಶಿ ಮಾಡಿ, ಕಾಲಿನಿಂದ ಒತ್ತಿ ತೋಡುವ ಮರದ ಸಲಕರಣೆಯಿಂದ ಏರಿ ಕಟ್ಟಿ, ಓಟ್ಸು, ಬಾರ್ಲಿ, ಆಮೇಲಾಮೇಲೆ ಆಲೂಗೆಡ್ಡೆ ಬೆಳೆಯುತ್ತಿದ್ದರು. ಏರಿಗಳ ನಡುವೆ ನೀರು ಬಸಿದು ಹೋಗಲು ಕಾಲುವೆ. ನೇಗಿಲು ನಡೆಯದ ನೆಲದಲ್ಲಿ ಅದೊಂದೇ ದಾರಿ. ಊರಿನ ಜಮೀನನ್ನು ಪಟ್ಟಿಪಟ್ಟಿಯಾಗಿ ಹಂಚಿಕೊಂಡು, ಒಳ್ಳೆಯ ಮಣ್ಣು ಒಬ್ಬರ ಪಾಲೇ ಆಗದಂತೆ ಆಗಾಗ ಅದಲುಬದಲು ಮಾಡಿಕೊಳ್ಳುತ್ತಿದ್ದರು. ಬೇಸಿಗೆಯಲ್ಲಿ ಹೆಂಗಸರು, ಮಕ್ಕಳು ದನಗಳ ಜೊತೆ ಮೇಲಿನ ಹುಲ್ಲುಗಾವಲಿಗೆ ಹೋಗಿ ಸಣ್ಣ ಗುಡಿಸಿಲುಗಳಲ್ಲಿ ಇದ್ದು ಬೆಣ್ಣೆ, ಗಿಣ್ಣು ಮಾಡುತ್ತಿದ್ದರು. ಶರತ್ಕಾಲದಲ್ಲಿ ದನಗಳನ್ನು ಹೊಡೆದುಕೊಂಡು ಕ್ರೀಫ್, ಫಾಲ್ಕರ್ಕ್ ಜಾತ್ರೆಗಳ ತನಕ ನಡೆದು ಮಾರಿ, ಅದರಲ್ಲಿ ಗೇಣಿ ಕಟ್ಟುತ್ತಿದ್ದರು. ಇದನ್ನೆಲ್ಲ ಅವನು ರಸ್ತೆಬದಿಯಲ್ಲಿ ನಿಂತು ಹೇಳಿದ. ಹಿರಿಯರು ಕೇಳಿಸಿಕೊಂಡು, "ಹಂಗಾದ್ರೆ ಓಡಿಸಿದ್ದು ಯಾರು?" ಎಂದರು.

ಅದಕ್ಕೆ ಉತ್ತರ ಗ್ಲೆನ್‌ಕೋ ದಾಟಿದ ಮೇಲೆ ಎಂದು ಬಸ್ಸು ಹೊರಟಿತು. ಗ್ಲೆನ್‌ಕೋಗೆ ಮುನ್ನ ರಾನಕ್ ಮೂರ್ ಸಿಗುತ್ತದೆ. ಸುಮಾರು 130 ಚದರ ಕಿಲೋಮೀಟರ್ ಜೌಗು, ಕಪ್ಪು ಕುಂಟೆಗಳು, ನೀರ ನಡುವೆ ಬಂಡೆಗಳು. ಸಾವಿರಾರು ವರ್ಷ ಪಾಚಿ ಕೊಳೆಯದೆ ಒತ್ತಿ ಒತ್ತಿ ಪೀಟ್ ಆಗಿ ಕೂತ ನೆಲ. ಅಲ್ಲಲ್ಲಿ ಪೀಟಿನಿಂದ ಹೊರಗೆ ಚಾಚಿದ ಪೈನ್ ಮರದ ಬೇರುಗಳು, ಒಮ್ಮೆ ಇಲ್ಲಿ ಕಾಡಿತ್ತು ಎಂಬುದಕ್ಕೆ ಸಾಕ್ಷಿ. 1894ರಲ್ಲಿ ತೆರೆದ ರೈಲು ಮಾರ್ಗಕ್ಕೆ ಇಲ್ಲಿ ಗಟ್ಟಿ ತಳವೇ ಸಿಗದೆ, ಪೊದೆಗಳ ಕಟ್ಟು, ಬೂದಿ, ಮಣ್ಣು ಸುರಿದು ಅದರ ಮೇಲೆ ಹಳಿ ಹಾಕಿದರು. ಹಳಿ ಇಂದಿಗೂ ಆ ಹಾಸಿನ ಮೇಲೆಯೇ ಇದೆ.

ಜೌಗು ಮುಗಿದು ಗ್ಲೆನ್‌ಕೋ ಬಾಯಿಬಿಡುತ್ತದೆ. ಸುಮಾರು 42 ಕೋಟಿ ವರ್ಷಗಳ ಹಿಂದೆ ಇಲ್ಲೊಂದು ದೈತ್ಯ ಜ್ವಾಲಾಮುಖಿ ಇತ್ತು. ಒಳಗಿನ ಶಿಲಾರಸ ಹೊರಚೆಲ್ಲಿ, ಮೇಲಿನ ನೆಲವೇ ಕುಸಿದು ಒಳಗೆ ಕೂತಿತು. ಜ್ವಾಲಾಮುಖಿ ಹಾಗೆ ಕುಸಿಯುವ ಬಗೆಯನ್ನು ಭೂವಿಜ್ಞಾನಿಗಳು ಪುರಾತನ ಬಂಡೆಗಳಲ್ಲಿ ಗುರುತಿಸಿ 1909ರಲ್ಲಿ ವಿವರಿಸಿದ್ದು ಈ ಕಣಿವೆಯನ್ನು ಅಳೆದೇ. ಆಮೇಲೆ ಹಿಮನದಿಗಳು ಹರಿದು ಕಣಿವೆಯನ್ನು ಅಗಲಿಸಿದವು. ಲಾಲ್‌ಬಾಗಿನ ಬಂಡೆಗೆ ಸುಮಾರು ಮುನ್ನೂರು ಕೋಟಿ ವರ್ಷ. ಅದರೆದುರು ಇವು ಎಳೆಯ ಕಲ್ಲುಗಳು. ಆದರೆ ಬೆಟ್ಟದ ಮೂರು ಚಾಚುಗಳು ರಸ್ತೆಯ ಮೇಲೇ ಬಾಗಿದಂತೆ ನಿಂತಿರುವ ಆ ಜಾಗದಲ್ಲಿ ಲೆಕ್ಕ ನೆನಪಾಗುವುದಿಲ್ಲ.

ದೊಡ್ಡ ಬಸ್ಸುಗಳು ಇಲ್ಲಿ ಹತ್ತು ನಿಮಿಷ ಜನರನ್ನು ಇಳಿಸುತ್ತವೆ. ನಮ್ಮವನು ಎಂಜಿನ್ ಆರಿಸಿ, ಇಳಿಯುವ ಮೊದಲು ಕಥೆ ಕೇಳಿ ಎಂದ. 1692ರ ಜನವರಿ 1ರೊಳಗೆ ಹೈಲ್ಯಾಂಡಿನ ಎಲ್ಲ ಕುಲಗಳ ಮುಖ್ಯಸ್ಥರೂ ದೊರೆ ವಿಲಿಯಂಗೆ ನಿಷ್ಠೆಯ ಪ್ರಮಾಣ ಮಾಡಬೇಕಿತ್ತು. ಗ್ಲೆನ್‌ಕೋದ ಮ್ಯಾಕ್‌ಡೊನಾಲ್ಡರ ಮುಖ್ಯಸ್ಥ ಮುದುಕ ಕೊನೆಯ ಗಳಿಗೆಯಲ್ಲಿ ಫೋರ್ಟ್ ವಿಲಿಯಂಗೆ ಹೋದ. ಅಲ್ಲಿಯ ಅಧಿಕಾರಿ, ಪ್ರಮಾಣ ಸ್ವೀಕರಿಸುವ ಅಧಿಕಾರ ತನಗಿಲ್ಲವೆಂದು ದೂರದ ಇನ್ವರೇರಿಗೆ ಕಳಿಸಿದ. ಹಿಮದಲ್ಲಿ ನಡೆದು ಪ್ರಮಾಣ ಮಾಡುವಾಗ ಜನವರಿ 6. ಎಡಿನ್‌ಬರೊ ಮತ್ತು ಲಂಡನ್ನಿನಲ್ಲಿ ಕೂತವರಿಗೆ ಅಷ್ಟೇ ನೆಪ ಸಾಕಾಯಿತು. ಕ್ಯಾಪ್ಟನ್ ರಾಬರ್ಟ್ ಕ್ಯಾಂಪ್‌ಬೆಲ್ಲನ ಸೈನಿಕರು ಕಣಿವೆಗೆ ಬಂದು ಮನೆಮನೆಯಲ್ಲಿ ನೆಂಟರಾಗಿ ಇಳಿದರು. ಸುಮಾರು ಎರಡು ವಾರ ಅವರ ಊಟ ಉಂಡರು, ಅವರ ಒಲೆಯ ಮುಂದೆ ಮಲಗಿದರು. ಫೆಬ್ರುವರಿ 13ರ ಬೆಳಗಿನ ಜಾವ ಎದ್ದು ಆ ಮನೆಯವರನ್ನೇ ಕೊಂದರು. ಸತ್ತವರು 38 ಎಂದು ಲೆಕ್ಕ. ಓಡಿದವರಲ್ಲಿ ಹಲವರು ಹಿಮದಲ್ಲಿ ಸೆಟೆದು ಸತ್ತರು. ಆ ನಾಡಿನಲ್ಲಿ ಕೊಲೆಗಳು ಬೇಕಾದಷ್ಟು ನಡೆದಿದ್ದವು. ಉಂಡ ಮನೆಗೆ ಬಗೆದ ದ್ರೋಹವಾದ್ದರಿಂದ ಇದೊಂದನ್ನು ಜನ ಮುನ್ನೂರು ವರ್ಷ ದಾಟಿದರೂ ಮರೆತಿಲ್ಲ. ಹೀಗೆ ಕೇಳಿದ ಮೇಲೆ ಇಳಿದವರು ಯಾರೂ ಸೆಲ್ಫಿಗೆ ಅವಸರ ಮಾಡಲಿಲ್ಲ. ಅರಸೀಕೆರೆಯ ಅಮ್ಮ ಚಪ್ಪಲಿ ಬದಿಗಿಟ್ಟು, ಒದ್ದೆ ಹುಲ್ಲಿನ ಮೇಲೆ ನಿಂತು ಕೈಮುಗಿದರು.

ಗ್ಲೆನ್‌ಕೋ 1935ರಿಂದ ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡ್ ಸಂಸ್ಥೆಯ ಕೈಯಲ್ಲಿದೆ. ಕಣಿವೆಯ ಹಳೆಯ ಊರುಗಳ ಅಡಿಪಾಯ ಅಗೆದು ನೋಡಿ, ಅದರ ಆಧಾರದ ಮೇಲೆ ಅಂದಿನ ಮಾದರಿಯ ಒಂದು ಮನೆಯನ್ನು ಸಂದರ್ಶಕರ ಕೇಂದ್ರದ ಬಳಿ ಕಟ್ಟಿದ್ದಾರೆ. ಬೆತ್ತದಂಥ ಕಡ್ಡಿ ಹೆಣೆದ ಒಳಗೋಡೆ, ಹೊರಗೆ ಹುಲ್ಲುಹೆಂಟೆಯ ದಪ್ಪ ಗೋಡೆ, ಮೇಲೆ ಹೆದರ್ ಹೊದಿಕೆ. ಎಲ್ಲವೂ ಮಣ್ಣಿಗೆ ಸೇರುವ ಸಾಮಗ್ರಿ. ಬಿಟ್ಟುಹೋದ ಊರು ಕೆಲವೇ ದಶಕಗಳಲ್ಲಿ ಬೆಟ್ಟದೊಳಗೆ ಕರಗಿ ಹೋದದ್ದು ಹೇಗೆಂದು ಅಲ್ಲಿ ತಿಳಿಯುತ್ತದೆ.

ಹಿರಿಯರ ಪ್ರಶ್ನೆಗೆ ಉತ್ತರ ಫೋರ್ಟ್ ವಿಲಿಯಂ ದಾರಿಯಲ್ಲಿ ಸಿಕ್ಕಿತು. 1746ರ ಏಪ್ರಿಲ್ 16ರಂದು ಕಲೋಡನ್ ಬಯಲಿನಲ್ಲಿ ಸ್ಟುವರ್ಟ್ ರಾಜವಂಶದ ಪರ ಎದ್ದ ಹೈಲ್ಯಾಂಡಿನ ಪಡೆ ಒಂದು ಗಂಟೆಯೊಳಗೆ ನಾಶವಾಯಿತು. ಸರ್ಕಾರ ಆಯುಧ ಕಿತ್ತುಕೊಂಡಿತು, ಕಿಲ್ಟ್ ಮತ್ತು ಪಟ್ಟೆಬಟ್ಟೆ ತೊಡುವುದನ್ನು ಕಾನೂನಿನಿಂದ ನಿಷೇಧಿಸಿತು. ಆ ನಿಷೇಧ ತೆಗೆದದ್ದು 1782ರಲ್ಲಿ. 1747ರ ಕಾನೂನಿನಿಂದ ಮುಖ್ಯಸ್ಥರ ನ್ಯಾಯ ತೀರ್ಮಾನದ ಹಕ್ಕೂ ಹೋಯಿತು. ಅಲ್ಲಿಯ ತನಕ ಮುಖ್ಯಸ್ಥನಿಗೆ ಬೇಕಾಗಿದ್ದದ್ದು ಕತ್ತಿ ಹಿಡಿಯುವ ಜನ. ಇನ್ನು ಮೇಲೆ ಅವನಿಗೆ ಬೇಕಾದದ್ದು ದುಡ್ಡು. ಎಡಿನ್‌ಬರೊದಲ್ಲೋ ಲಂಡನ್ನಿನಲ್ಲೋ ಮನೆ, ಮಗಳ ಮದುವೆ, ಸಾಲ. ತಗ್ಗುನಾಡಿನ ಕುರಿ ಸಾಹುಕಾರ ಒಂದು ಕಣಿವೆ ಪೂರ್ತಿಗೆ ಕೊಡುವ ಗೇಣಿ, ಅಲ್ಲಿಯ ಹತ್ತಾರು ಒಕ್ಕಲುಗಳು ಕಷ್ಟಪಟ್ಟು ಕೂಡಿಸುವುದಕ್ಕಿಂತ ಎಷ್ಟೋ ಪಾಲು ಹೆಚ್ಚು. ತಲೆಮಾರುಗಳಿಂದ ಇದು ನಮ್ಮ ನೆಲ ಎಂದು ಜನ ನಂಬಿದ್ದರು. ಕಾಗದದಲ್ಲಿ ಅದು ಮುಖ್ಯಸ್ಥನ ಹೆಸರಿನಲ್ಲಿತ್ತು. ಸದರ್ಲೆಂಡ್ ಸೀಮೆಯಲ್ಲಿ 1807ರಿಂದ 1821ರ ನಡುವೆ ಸಾವಿರಾರು ಜನರನ್ನು ಒಳನಾಡಿನಿಂದ ಎಬ್ಬಿಸಿ ಕಡಲ ದಂಡೆಗೆ ತಳ್ಳಿದರು. ಮತ್ತೆ ಬಂದು ಸೇರಬಾರದೆಂದು ಮಾಡಿನ ತೊಲೆಗಳಿಗೆ ಬೆಂಕಿ ಇಟ್ಟರು. ಆ ಒಕ್ಕಲೆಬ್ಬಿಸುವಿಕೆಯಲ್ಲಿ ಸಾವುಗಳಿಗೆ ಕಾರಣನಾದನೆಂದು ಎಸ್ಟೇಟಿನ ಕಾರಭಾರಿ ಪ್ಯಾಟ್ರಿಕ್ ಸೆಲ್ಲರ್ 1816ರಲ್ಲಿ ಕಟಕಟೆ ಹತ್ತಿದ, ಖುಲಾಸೆಯೂ ಆದ. ನಮ್ಮ ದಾರಿಯಲ್ಲೇ ಸಿಗುವ ಗ್ಲೆನ್‌ಗ್ಯಾರಿಯ ಜನ ಹಡಗು ಹತ್ತಿ ಕೆನಡಾ ಸೇರಿದರು. ಅಲ್ಲಿ ಒಂಟಾರಿಯೊದಲ್ಲಿ ಅವರು ನೆಲೆಸಿದ ಜಿಲ್ಲೆಗೂ ಗ್ಲೆನ್‌ಗ್ಯಾರಿ ಎಂದೇ ಹೆಸರು.

ಕುರಿಗಳಾದ ಮೇಲೆ ಜಿಂಕೆ. 19ನೇ ಶತಮಾನದಲ್ಲಿ ಶ್ರೀಮಂತರ ಬೇಟೆಗೆಂದು ದೊಡ್ಡ ದೊಡ್ಡ ಪ್ರದೇಶಗಳು ಮೀಸಲಾದವು. ಹವೆ ಬದಲಾಗಿ ಕಾಡು ಸಾವಿರಾರು ವರ್ಷಗಳಿಂದಲೇ ಕುಗ್ಗುತ್ತಿತ್ತು, ಮನುಷ್ಯ ಕಡಿದದ್ದೂ ಇತ್ತು. ಉಳಿದ ಕಡೆ ಹೊಸ ಸಸಿ ಏಳದಂತೆ ಮಾಡಿದ್ದು ಕುರಿ ಮತ್ತು ಜಿಂಕೆಯ ಬಾಯಿ. ಹಳೆಯ ಪೈನ್ ಕಾಡಿನಲ್ಲಿ ಇಂದು ಉಳಿದಿರುವುದು ನೂರರಲ್ಲಿ ಒಂದು ಪಾಲಿನಷ್ಟು ಎನ್ನುತ್ತಾರೆ. ಬೇಲಿ ಹಾಕಿ ಜಿಂಕೆ ತಡೆದ ಕಡೆಗಳಲ್ಲಿ ಪೈನ್, ಬರ್ಚ್, ರೋವನ್ ಸಸಿಗಳು ತಾವಾಗಿ ಎದ್ದಿರುವುದನ್ನು ಬಸ್ಸಿನಿಂದಲೇ ನೋಡಬಹುದು. ಬೇಲಿಯ ಈಚೆ ಬೋಳು, ಆಚೆ ಎಳೆಗಾಡು.

ನಾವು ಓಡಾಡಿದ ದಾರಿಗಳಲ್ಲಿ ಹಲವಕ್ಕೆ ಮೂಲ ಸೈನ್ಯದ ರಸ್ತೆಗಳು. ಬಂಡೆದ್ದ ಕುಲಗಳನ್ನು ಹದ್ದುಬಸ್ತಿನಲ್ಲಿಡಲು ಜನರಲ್ ವೇಡ್ 1725ರಿಂದ ಶುರುಮಾಡಿ ಸುಮಾರು 400 ಕಿಲೋಮೀಟರ್ ರಸ್ತೆ ಮಾಡಿಸಿದ. ಫೋರ್ಟ್ ವಿಲಿಯಂ, ಫೋರ್ಟ್ ಆಗಸ್ಟಸ್ ಇಂದು ಪ್ರವಾಸಿಗರು ಚಹಾ ಕುಡಿಯುವ ಊರುಗಳು. ಹುಟ್ಟಿದ್ದು ಸೈನ್ಯದ ಠಾಣೆಗಳಾಗಿ. ಸ್ಪೀನ್ ಬ್ರಿಜ್ ಹತ್ತಿರದ ಗುಡ್ಡದ ಮೇಲೆ ಬೆನ್ ನೆವಿಸ್ ಕಡೆ ಮುಖ ಮಾಡಿ ನಿಂತ ಮೂವರು ಕಂಚಿನ ಯೋಧರು ಎರಡನೇ ಮಹಾಯುದ್ಧದಲ್ಲಿ ಈ ಬೆಟ್ಟಗಳಲ್ಲಿ ತರಬೇತಿ ಪಡೆದ ಕಮಾಂಡೊಗಳ ಸ್ಮಾರಕ. ಇನ್ನೂ ಹೊಸ ಹೂಗಳು ಅಲ್ಲಿರುತ್ತವೆ.

ಲಾಕ್ ನೆಸ್‌ನ ಪ್ರಾಣಿಯ ಬಗ್ಗೆ ನಾನು ಹೆಚ್ಚು ಬರೆಯಲಾರೆ. ಈ ಕಾಲದ ಸುದ್ದಿ ಎದ್ದದ್ದು 1933ರಲ್ಲಿ, ಜಗತ್ತೆಲ್ಲ ನೋಡಿದ 1934ರ ಫೋಟೊ ಆಟಿಕೆಯಿಂದ ಮಾಡಿದ್ದೆಂದು ಹೊರಬಿದ್ದದ್ದು 1994ರಲ್ಲಿ. ನೀರು ಮಾತ್ರ ನಿಜಕ್ಕೂ ಬೆರಗಿನದು. 230 ಮೀಟರ್ ಆಳ. ಇಂಗ್ಲೆಂಡ್ ಮತ್ತು ವೇಲ್ಸಿನ ಎಲ್ಲ ಸರೋವರಗಳನ್ನು ಕೂಡಿಸಿದರೂ ಇಷ್ಟು ನೀರಾಗದು. ಪೀಟಿನ ಮೂಲಕ ಸೋಸಿ ಬರುವುದರಿಂದ ಬೊಗಸೆಯಲ್ಲಿ ಹಿಡಿದರೆ ತೆಳು ಮಾಡಿದ ಕಾಫಿ ಡಿಕಾಕ್ಷನ್ನಿನ ಬಣ್ಣ.

ಸರೋವರ ಮುಗಿದು ಇನ್ವರ್ನೆಸ್ ಹತ್ತಿರವಾಗುವಾಗ ಡುನೇನ್ ಎಂಬ ಜಾಗ ಸಿಗುತ್ತದೆ. ಫಲಕವೂ ಕಣ್ಣಿಗೆ ಬೀಳದೆ ಹೋಗಬಹುದು. ಡುನೇನಿನ ಬೇಲಿ ಮನೆತನದ ವಿಲಿಯಂ ಬೇಲಿಯೇ ಶ್ರೀರಂಗಪಟ್ಟಣದ ಕರ್ನಲ್ ಬೇಲಿ ಬಂದೀಖಾನೆಗೆ ಹೆಸರು ಬಿಟ್ಟುಹೋದ ಸೇನಾಧಿಕಾರಿ. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಅವನ ಪಡೆಯನ್ನು ಮುರಿದರು. ದರಿಯಾ ದೌಲತ್ತಿನ ಗೋಡೆಯ ಮೇಲೆ ಪಲ್ಲಕ್ಕಿಯಲ್ಲಿ ಕಂಗೆಟ್ಟು ಕೂತಿರುವವನು ಅವನೇ. ಶಾಲೆಯ ಪ್ರವಾಸದಲ್ಲಿ ನಾವೆಲ್ಲ ನೋಡಿದ ಚಿತ್ರ. ಸೆರೆಯಲ್ಲಿದ್ದಾಗಲೇ 1782ರಲ್ಲಿ ಅವನು ಸತ್ತ. ಆ ಯುದ್ಧದಲ್ಲಿ ಕಾದಿದವರಲ್ಲಿ ಮ್ಯಾಕ್‌ಲೌಡ್‌ನ ಹೈಲ್ಯಾಂಡರ್ಸ್ ಎಂಬ ಪಡೆಯ ತುಕಡಿಗಳೂ ಇದ್ದವು. ಆ ಪಡೆಯನ್ನು 1777ರಲ್ಲಿ ಕಟ್ಟಿದ ಲಾರ್ಡ್ ಮ್ಯಾಕ್‌ಲೌಡ್, ಕಲೋಡನ್ನಿನಲ್ಲಿ ಮುಗಿದ 1745ರ ಬಂಡಾಯದಲ್ಲಿ ಸರ್ಕಾರದ ವಿರುದ್ಧ ಎದ್ದು ಸೆರೆಸಿಕ್ಕಿ ಆಸ್ತಿ ಕಳೆದುಕೊಂಡ ಮನೆಯವನು. ಸೋತ ಕುಲಗಳ ಗಂಡಸರಿಗೆ ತಮ್ಮ ಉಡುಪು ತೊಡುವ ಅವಕಾಶ ಉಳಿದದ್ದು ಗೆದ್ದವರ ಸೈನ್ಯ ಸೇರಿದರೆ ಮಾತ್ರ. ಹಾಗೆ ಸೇರಿದವರು ಕಾವೇರಿ ತೀರದ ಸೆರೆಮನೆಯ ತನಕ ಬಂದರು. ಇದನ್ನು ಹೇಳಿದಾಗ ಹಿರಿಯರು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ಪಾಪ, ಅವರದೂ ಊರು ಹೋಯ್ತು" ಎಂದರು.

ಇನ್ವರ್ನೆಸ್ಸಿನಿಂದ ದಕ್ಷಿಣಕ್ಕೆ ವೇಗದ ಹೆದ್ದಾರಿ. ಡ್ರಮಾಕ್ಟರ್ ಕಣಿವೆ, ಪಿಟ್ಲಾಕ್ರಿಯಲ್ಲಿ ಊಟ, ಫೋರ್ತ್ ನದಿಯ ಸೇತುವೆ. ಈ ಕೊನೆಯ ಮೂರು ಗಂಟೆಯಲ್ಲಿ ಹೆಚ್ಚಿನವರು ನಿದ್ದೆ ಹೋಗುತ್ತಾರೆ. ನಮ್ಮ ಹಿರಿಯರು ಮುಂದಿನ ಸೀಟಿಗೆ ಸರಿದು ಜಮೀನಿನ ವಿಚಾರ ಮುಂದುವರಿಸಿದರು. ಒಕ್ಕಲು ಎದ್ದು ನಿಲ್ಲಲಿಲ್ಲವೇ ಎಂದು ಕೇಳಿದರು. ನಿಂತರು. 1882ರಲ್ಲಿ ಸ್ಕೈ ದ್ವೀಪದ ಬ್ರೇಸ್ ಎಂಬಲ್ಲಿ ಹೆಂಗಸರು ಗಂಡಸರು ಸೇರಿ, ಒಕ್ಕಲೆಬ್ಬಿಸುವ ಕಾಗದ ತಂದವರನ್ನು ತಡೆದು, ಪೊಲೀಸರ ಮೇಲೆ ಕಲ್ಲು ಬೀರಿದರು. ಮರುವರ್ಷ ಸರ್ಕಾರ ವಿಚಾರಣಾ ಆಯೋಗ ನೇಮಿಸಿತು. ಅದರ ಅಧ್ಯಕ್ಷ ಲಾರ್ಡ್ ನೇಪಿಯರ್ 1866ರಿಂದ 1872ರ ವರೆಗೆ ಮದರಾಸಿನ ಗವರ್ನರ್ ಆಗಿದ್ದವನು. ಅಂದರೆ ನಮ್ಮ ಮಂಗಳೂರು, ಬಳ್ಳಾರಿಗಳೂ ಅವನ ಆಡಳಿತದಲ್ಲಿದ್ದವು. ಆಯೋಗ ಊರೂರಿಗೆ ಹೋಗಿ ಒಕ್ಕಲುಗಳ ಬಾಯಿಂದಲೇ ಹೇಳಿಕೆ ಪಡೆಯಿತು. 1886ರ ಕಾನೂನು ಸಣ್ಣ ಒಕ್ಕಲುಗಳನ್ನು ಮನಸ್ಸು ಬಂದಂತೆ ಎಬ್ಬಿಸದಂತೆ ರಕ್ಷಣೆ ಕೊಟ್ಟಿತು. ಖಾಲಿಯಾದ ಒಳಕಣಿವೆಗಳಿಗೆ ಆಗಲೇ ತಡವಾಗಿತ್ತು. 2003ರಲ್ಲಿ ಸ್ಕಾಟ್ಲೆಂಡ್ ಸಂಸತ್ತು ಇನ್ನೊಂದು ಕಾನೂನು ತಂದಿತು. ಅದರಂತೆ ಯಾರ ಜಮೀನಿನ ಮೇಲಾದರೂ ಹೊಣೆಯರಿತು ನಡೆದಾಡುವ ಹಕ್ಕು ಎಲ್ಲರಿಗೂ ಇದೆ. ಜಮೀನು ಮಾರಾಟಕ್ಕೆ ಬಂದಾಗ ಮೊದಲು ಕೊಳ್ಳುವ ಅವಕಾಶ ಅಲ್ಲಿಯ ಸಮುದಾಯಕ್ಕೂ ಸಿಕ್ಕಿತು. ಆದರೂ ಖಾಸಗಿ ಭೂಮಿಯ ಅರ್ಧದಷ್ಟು ಐನೂರಕ್ಕೂ ಕಡಿಮೆ ಒಡೆಯರ ಕೈಯಲ್ಲಿದೆ ಎಂಬ ಮಾತು ಅಲ್ಲಿಯ ಭೂಚರ್ಚೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

"ನಮ್ಮಲ್ಲಿ ಉಳೋನೇ ಹೊಲದೊಡೆಯ ಅಂತ ಆಯ್ತಲ್ಲ, ಅದನ್ನ ಹೇಳಿ ಅವನಿಗೆ" ಎಂದರು ಹಿರಿಯರು. ನಾನು 1951ರ ಕಾಗೋಡು ಸತ್ಯಾಗ್ರಹ ಹೇಳಿದೆ, 1974ರಲ್ಲಿ ದೇವರಾಜ ಅರಸರ ಕಾಲದಲ್ಲಿ ಗೇಣಿದಾರರು ಒಡೆಯರಾದದ್ದನ್ನು ಹೇಳಿದೆ. ಕಾಗೋಡು ನನ್ನೂರಿಂದ ದೂರವಿಲ್ಲ. ಮಾರ್ಗದರ್ಶಿ ರಸ್ತೆಯಿಂದ ಕಣ್ಣು ತೆಗೆಯದೆ, ಆ ಊರಿಗೆ ಬರುವವರಿಗೆ ಇದನ್ನು ಯಾರು ಹೇಳುತ್ತಾರೆ ಎಂದು ಕೇಳಿದ.

ಯಾರೂ ಹೇಳುವುದಿಲ್ಲ. ಸಾಗರಕ್ಕೆ ಬರುವ ಪ್ರವಾಸಿಗರು ಜೋಗ ನೋಡಿ, ಸಿಗಂದೂರಿಗೆ ಹೋಗಿ ಬರುತ್ತಾರೆ. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಲಾಂಚಿಗೆ ಕಾಯುವ ಕಷ್ಟವೂ ಇಲ್ಲ, ಎರಡೂವರೆ ಕಿಲೋಮೀಟರಿನಷ್ಟು ನೀರನ್ನು ಕಾರಿನಲ್ಲಿ ಕೆಲವೇ ನಿಮಿಷಗಳಲ್ಲಿ ದಾಟುತ್ತಾರೆ. ಹಿನ್ನೀರಿನ ಚೆಲುವಿಗೆ ಎಲ್ಲರೂ ಮಾರುಹೋಗುತ್ತಾರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಆ ನೀರಿನಡಿಗೆ ಹೋದ ಊರುಗಳು, ಗದ್ದೆ, ತೋಟಗಳ ಹೆಸರು ಅವರಿಗೆ ಗೊತ್ತಿಲ್ಲ. ಬೇಸಿಗೆಯಲ್ಲಿ ನೀರಿಳಿದಾಗ ತಲೆ ಎತ್ತುವ 1948ರ ಮಡೆನೂರು ಅಣೆಕಟ್ಟಿನ ಗೋಡೆ ನೋಡಿದವರೂ ಫೋಟೊ ತೆಗೆದು ಮುಂದೆ ಹೋಗುತ್ತಾರೆ. ಲಾರಿ ಹತ್ತಿಸಿ ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ಕಾಡುಗಳಲ್ಲಿ ಇಳಿಸಿದ ಮುಳುಗಡೆ ಸಂತ್ರಸ್ತರಲ್ಲಿ ಎಷ್ಟೋ ಮನೆಗಳಿಗೆ ಕೊಟ್ಟ ಜಮೀನಿನ ಹಕ್ಕುಪತ್ರದ ತಕರಾರು ಇವತ್ತಿಗೂ ಮುಗಿದಿಲ್ಲ.

ಹೈಲ್ಯಾಂಡಿನಲ್ಲಿ ಎಬ್ಬಿಸಲ್ಪಟ್ಟವರ ಮೊಮ್ಮಕ್ಕಳೂ ಈಗಿಲ್ಲ. ಅಲ್ಲಿ ಕಥೆ ಹೇಳುವವರು ದಾಖಲೆ ಓದಿ, ನೆಲ ಅಗೆದು ಕಲಿಯಬೇಕು. ನಮ್ಮಲ್ಲಿ ಆ ಲಾರಿ ಹತ್ತಿದವರೇ ಕೆಲವರು ಇನ್ನೂ ಇದ್ದಾರೆ, ಎಂಬತ್ತರ ಆಚೀಚಿನವರು. ಯಾವ ಗದ್ದೆ ಎಲ್ಲಿತ್ತು, ಯಾವ ದೇವರನ್ನು ಎಲ್ಲಿಗೆ ಹೊತ್ತು ತಂದರು ಎಂದು ಅವರು ಬೆರಳು ತೋರಿಸಿ ಹೇಳಬಲ್ಲರು. ಅವರ ಮೊಮ್ಮಕ್ಕಳಲ್ಲಿ ಓದಿಕೊಂಡು, ಡ್ರೈವಿಂಗ್ ಕಲಿತು, ಕೆಲಸಕ್ಕೆ ಬೆಂಗಳೂರಿನ ದಾರಿ ನೋಡುತ್ತಿರುವ ಹುಡುಗ ಹುಡುಗಿಯರು ಬೇಕಾದಷ್ಟು. ಪ್ರವಾಸೋದ್ಯಮ ಇಲಾಖೆ ಈ ಬೇಸಿಗೆಯಲ್ಲೇ ಅವರಲ್ಲಿ ಹತ್ತು ಜನರನ್ನು ಆರಿಸಲಿ. ಆರು ತಿಂಗಳು ಹಿರಿಯರ ಜೊತೆ ಕೂರಿಸಿ ಬರೆದುಕೊಳ್ಳಲು ಹೇಳಲಿ, ಒಂದು ಮೈಕು ಕೊಡಲಿ. ಸಾಗರ ಬಸ್ ನಿಲ್ದಾಣದಿಂದ ಬೆಳಿಗ್ಗೆ ಎಂಟಕ್ಕೆ ಹೊರಟು ಕಾಗೋಡು, ಇಕ್ಕೇರಿ, ಮಡೆನೂರು, ಹಿನ್ನೀರ ದಂಡೆ ಸುತ್ತಿ ಸಂಜೆಗೆ ಮರಳಲು ಹದಿನಾರು ಸೀಟಿನ ಒಂದು ಗಾಡಿ ಸಾಕು.